ಜೇಡರ ಬಲೆಯಂಥ ಗದ್ದೆಗಳ ಊರು: ಫ್ಲೋರೆಸ್ ದ್ವೀಪದ ಮೆಲೆರ್

ಕೆಳಗೆ ನೋಡಿ. ಇದು ಡ್ರೋನ್ ಶಾಟ್ ಅಲ್ಲ. ಗುಡ್ಡದ ಮೇಲೆ ನಿಂತು ಫೋನಿನಲ್ಲೇ ತೆಗೆದದ್ದು. ಎಡಿಟಿಂಗ್ ಏನೂ ಮಾಡಿಲ್ಲ. ಗದ್ದೆಗಳು ನಿಜವಾಗಿಯೂ ಹೀಗೇ ಇವೆ. ನಡುವೆ ಒಂದು ಬಿಂದು. ಅಲ್ಲಿಂದ ಸುತ್ತಲೂ ಬದುಗಳು ಹೊರಟಿವೆ, ಸೈಕಲ್ ಚಕ್ರದ ಕಡ್ಡಿಗಳ ಹಾಗೆ. ಅವುಗಳ ಮಧ್ಯೆ ಅಡ್ಡಡ್ಡ ಸಣ್ಣ ಬದುಗಳು. ಥೇಟ್ ಜೇಡರ ಬಲೆ. ಒಂದಲ್ಲ, ಪಕ್ಕಪಕ್ಕದಲ್ಲಿ ಹಲವು.

ಊರಿನ ಹೆಸರು ಮೆಲೆರ್. ಇಂಡೋನೇಷ್ಯಾದ ಫ್ಲೋರೆಸ್ ದ್ವೀಪ, ಮಂಗರಾಯ್ ಜನರ ನಾಡು. ಹತ್ತಿರದ ಸಂತೆ ಊರು ಚಂಚಾರ್, ಪಟ್ಟಣ ಬೇಕೆಂದರೆ ರುತೆಂಗ್. ಬಾಲಿಯಿಂದ ಲಾಬುವಾನ್ ಬಾಜೊಗೆ ವಿಮಾನದಲ್ಲಿ ಬಂದೆ. ಅಲ್ಲಿಗೆ ಬರುವವರು ಹೆಚ್ಚಿನವರು ದೋಣಿ ಹತ್ತಿ ಕೊಮೊಡೊ ಡ್ರಾಗನ್ ನೋಡಿ ವಾಪಸ್ ಹೋಗುತ್ತಾರೆ. ನಾನು ಗುಡ್ಡದ ರಸ್ತೆ ಹಿಡಿದೆ. ಸುಮಾರು ನಾಲ್ಕು ಗಂಟೆ, ಬರೀ ತಿರುವು. ದಾರಿಯಲ್ಲಿ ಕಂಡ ಈ ಗಾಡಿಗೆ ಓತೊ ಕೋಲ್ ಅನ್ನುತ್ತಾರೆ. ಲಾರಿಯ ಹಿಂಭಾಗಕ್ಕೆ ಮರದ ಬೆಂಚು ಹಾಕಿರುತ್ತಾರೆ, ಅಷ್ಟೇ. ಜನ, ಕೋಳಿ, ಅಕ್ಕಿ ಮೂಟೆ ಎಲ್ಲಾ ಅದರಲ್ಲೇ.

ಈ ಸೀಮೆಯನ್ನು ಜಗತ್ತು ಬಲ್ಲದ್ದು ಬೇರೆ ಕಾರಣಕ್ಕೆ. ರುತೆಂಗ್ ಹತ್ತಿರದ ಲಿಯಾಂಗ್ ಬುವಾ ಗುಹೆಯಲ್ಲಿ 2003ರಲ್ಲಿ ಸುಮಾರು ಒಂದು ಮೀಟರ್ ಎತ್ತರದ ಹಳೆಯ ಮಾನವ ಜಾತಿಯ ಮೂಳೆಗಳು ಸಿಕ್ಕವು. ಅದಕ್ಕೆ ಹೋಮೋ ಫ್ಲೋರೆಸಿಯೆನ್ಸಿಸ್ ಅಂತ ಹೆಸರಿಟ್ಟರು. ಆ ಗುಹೆಗೆ ನಾನು ಹೋಗಲಿಲ್ಲ. ನನಗೆ ಗದ್ದೆ ನೋಡಬೇಕಿತ್ತು.

ಯಾಕೆ ಅಂತ ಹೇಳಿಬಿಡುತ್ತೇನೆ. ನಮ್ಮದು ಮಂಡ್ಯ ಕಡೆ. ತಾತನ ಗದ್ದೆ ಪಾಲಾದಾಗ ಅಪ್ಪನಿಗೂ ಚಿಕ್ಕಪ್ಪನಿಗೂ ಒಂದು ಬದುವಿನ ವಿಷಯಕ್ಕೆ ಮನಸ್ತಾಪವಾಯಿತು. ಅಳೆಸಿದರು, ಬಾಂದು ಕಲ್ಲು ನೆಡಿಸಿದರು. ಕಲ್ಲು ನಿಂತಿತು, ಮಾತು ನಿಂತುಹೋಯಿತು. ಬದು ಜಗಳ ಏನು ಅಂತ ಹಳ್ಳಿಯಿಂದ ಬಂದವರಿಗೆ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಈ ಗದ್ದೆಗಳ ಫೋಟೋ ಮೊದಲ ಸಲ ಕಂಡಾಗ ಎಷ್ಟು ಚೆನ್ನಾಗಿದೆ ಅನ್ನಿಸಲಿಲ್ಲ. ಇದನ್ನು ಹಂಚಿದವರು ಯಾರು, ಹೇಗೆ ಹಂಚಿದರು ಅನ್ನಿಸಿತು.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಈ ಮನೆಯ ಜಗಲಿಯಲ್ಲಿ. ಇಲ್ಲಿ ಹಿರಿಯ ಗಂಡಸರನ್ನು ಎಮಾ ಅನ್ನಬೇಕು, ಅಂದ್ರೆ ಅಪ್ಪ. ಹೆಂಗಸರನ್ನು ಎಂದೆ ಅನ್ನಬೇಕು, ಅಂದ್ರೆ ಅಮ್ಮ. ಕೂತ ತಕ್ಷಣ ಆ ಮನೆಯ ಎಂದೆ ಕಾಫಿ ತಂದಿಟ್ಟರು. ಗಟ್ಟಿ ಕರಿ ಕಾಫಿ, ಪುಡಿ ತಳದಲ್ಲೇ ಇರುತ್ತದೆ. ಮಂಗರಾಯ್ ಗುಡ್ಡಗಳಲ್ಲಿ ಕಾಫಿ ಚೆನ್ನಾಗಿ ಬೆಳೆಯುತ್ತದೆ. ಎಮಾ ಮಂಗರಾಯ್ ಭಾಷೆಯಲ್ಲಿ ಹೇಳಿದರು, ಅವರ ಮಗ ಇಂಗ್ಲಿಷಿನಲ್ಲಿ ನನಗೆ ದಾಟಿಸಿದ.

ಇಂಥ ಒಂದು ದುಂಡು ಭೂಮಿಗೆ ಲಿಂಕೊ ಅನ್ನುತ್ತಾರೆ. ಅದು ಒಬ್ಬರದಲ್ಲ, ಇಡೀ ಕುಲದ್ದು. ನಡುಬಿಂದುವಿಗೆ ಲೊದೊಕ್ ಅಂತ ಹೆಸರು. ಭೂಮಿ ಹಂಚುವುದಕ್ಕೇ ಊರಿನಲ್ಲಿ ಒಬ್ಬ ಹಿರಿಯ ಇರುತ್ತಾನೆ, ಅವನು ತುಆ ತೆನೊ. ಲೊದೊಕ್‌ನಲ್ಲಿ ತೆನೊ ಅನ್ನುವ ಮರದ ಗೂಟ ನೆಡುತ್ತಾರೆ. ಆಮೇಲೆ ಅಳತೆ. ಅಳತೆ ಕೋಲು ಇಲ್ಲ, ಹಗ್ಗ ಇಲ್ಲ. ಬೆರಳು. ಅದಕ್ಕೆ ಮೊಸೊ ಅನ್ನುತ್ತಾರೆ.

ಎಮಾ ನನಗೆ ತೋರಿಸಿಯೇ ಕೊಟ್ಟರು. ಕಾಫಿ ಲೋಟವನ್ನೇ ಗೂಟ ಅಂತ ಇಟ್ಟುಕೊಂಡರು. ಅದರ ಅಂಚಿಗೆ ಒಂದೊಂದೇ ಬೆರಳು ಒತ್ತಿದರು. ಈ ಮನೆಗೆ ಇಷ್ಟು, ಆ ಮನೆಗೆ ಇಷ್ಟು. ಅವರ ಬೆರಳು ನೋಡಿ, ವಿಡಿಯೋ ಇಲ್ಲಿ ನಿಲ್ಲಿಸುತ್ತೇನೆ. ಉಗುರಿನ ಸಂದಿಯಲ್ಲಿ ಕೆಸರು ಒಣಗಿದೆ. ಗೆಣ್ಣುಗಳು ದಪ್ಪ. ನಮ್ಮಪ್ಪನ ಕೈಯೂ ಹೀಗೇ.

ನಡುವಿನಲ್ಲಿ ಒಂದು ಬೆರಳು. ಗೆರೆ ಹೊರಗೆ ಸಾಗುತ್ತಾ ಸಾಗುತ್ತಾ ಅದೇ ಬೆರಳು ಗೇಣಾಗುತ್ತದೆ, ಮೊಳವಾಗುತ್ತದೆ, ಅಂಚಿನಲ್ಲಿ ಮಾರುಗಟ್ಟಲೆ ಆಗುತ್ತದೆ. ಹಾಗಾಗಿ ನಡುವೆ ಒಂದು ಬೆರಳು ಜಾಸ್ತಿ ಸಿಕ್ಕರೆ ತುದಿಯಲ್ಲಿ ಅದು ದೊಡ್ಡ ಗದ್ದೆ. ಎಲ್ಲರಿಗೂ ಒಂದೇ ಸಮ ಸಿಗುತ್ತಿತ್ತು ಅಂತ ನಾನು ಹೇಳುವುದಿಲ್ಲ, ಅದು ಸುಳ್ಳಾಗುತ್ತದೆ. ಊರಿನ ಮುಖ್ಯಸ್ಥರಿಗೆ, ಹಂಚುವ ಹಿರಿಯನಿಗೆ ಪಾಲು ಹೆಚ್ಚು. ಹೊರಗಿನಿಂದ ಬಂದು ನೆಲೆಸಿದವರಿಗೆ ಕಡಿಮೆ. ಆದರೆ ದೊಡ್ಡವರ ಪಾಲೂ ಚಿಕ್ಕವರ ಪಾಲೂ ಶುರುವಾಗುವುದು ಒಂದೇ ಗೂಟದ ಬುಡದಿಂದ, ಎಲ್ಲರ ಕಣ್ಣೆದುರಿಗೆ. ನನಗೆ ಹಿಡಿಸಿದ್ದು ಅದು. ಇನ್ನೂ ಒಂದು. ಯಾರಾದರೂ ರಾತ್ರೋರಾತ್ರಿ ಬದು ಒತ್ತಿದರು ಅಂತಿಟ್ಟುಕೊಳ್ಳಿ. ಆ ಗೆರೆ ನಡುಬಿಂದುವಿಗೆ ನೇರವಾಗಿ ಬರುವುದೇ ಇಲ್ಲ. ಗುಡ್ಡದ ಮೇಲೆ ನಿಂತರೆ ಸೊಟ್ಟ ಕಾಣುತ್ತದೆ, ಅಲ್ವಾ?

ಹಿಂದೆ ಇವು ನೀರಿನ ಗದ್ದೆಗಳಲ್ಲ. ಕಾಡು ಕಡಿದು ಸುಟ್ಟು ಮುಸುಕಿನ ಜೋಳ, ಒಣ ಭತ್ತ ಬಿತ್ತುತ್ತಿದ್ದ ಹೊಲಗಳು. ಕೆಲವು ವರ್ಷ ಬೆಳೆದು ಬಿಟ್ಟು, ಇನ್ನೊಂದು ಲಿಂಕೊ ತೆರೆದು ಮತ್ತೆ ಹಂಚುತ್ತಿದ್ದರು. ನೀರಾವರಿ ಬಂದು ಕೆಸರು ಗದ್ದೆಯಾದ ಮೇಲೆ ಪಾಲುಗಳು ಕಾಯಂ ಆದವು. ಈಗ ಅಪ್ಪನಿಂದ ಮಕ್ಕಳಿಗೆ ಬರುತ್ತವೆ, ಮಾರಾಟವೂ ಆಗುತ್ತವೆ. ಆದರೂ ಗೆರೆಗಳು ಹಾಗೇ ಇವೆ.

ಇವರಲ್ಲಿ ಒಂದು ಮಾತಿದೆ: ಗೆಂದಾಂಗ್ ಓನೆ, ಲಿಂಕೊನ್ ಪೆಆಂಗ್. ಒಳಗೆ ಡೋಲಿನ ಮನೆ, ಹೊರಗೆ ಲಿಂಕೊ. ಡೋಲಿನ ಮನೆ ಅಂದ್ರೆ ಕುಲದ ದೊಡ್ಡ ಮನೆ. ಕುಲದ ಡೋಲುಗಳನ್ನು ಅಲ್ಲಿ ತೂಗುಹಾಕಿರುತ್ತಾರೆ. ರುತೆಂಗ್ ಪಕ್ಕದ ರುತೆಂಗ್ ಪುಉ ಎಂಬ ಹಳೇ ಊರಿನಲ್ಲಿ ಅಂಥ ಮನೆಯೊಳಗೆ ಹೋಗಿ ತಲೆ ಎತ್ತಿ ನೋಡಿದೆ. ನಡುವೆ ಒಂದು ಕಂಬ. ಅದರ ತುದಿಯಿಂದ ಸುತ್ತಲೂ ಇಳಿದ ಜಂತೆಗಳು. ಮತ್ತದೇ ಜೇಡರ ಬಲೆ! ಗದ್ದೆಯನ್ನೇ ಮೇಲೆತ್ತಿ ಸೂರು ಮಾಡಿದ ಹಾಗಿತ್ತು. ಸ್ವಲ್ಪ ಹೊತ್ತು ಕ್ಯಾಮೆರಾ ಆನ್ ಮಾಡುವುದನ್ನೇ ಮರೆತೆ.

ಇಲ್ಲಿನ ಜನ ಹೆಚ್ಚಿನವರು ಕ್ಯಾಥೋಲಿಕರು. ಭಾನುವಾರ ಚರ್ಚಿಗೆ ಹೋಗುತ್ತಾರೆ. ಸುಗ್ಗಿ ಮುಗಿದ ಮೇಲೆ ಪೆಂತಿ ಅನ್ನುವ ಹಬ್ಬವನ್ನೂ ಮಾಡುತ್ತಾರೆ. ಆಗ ನೀರಿನ ಊಟೆಯ ಹತ್ತಿರ ಹೋಗಿ ಅಲ್ಲಿನ ದೈವವನ್ನು ಕರೆಯುತ್ತಾರೆ, ಲೊದೊಕ್‌ಗೆ ಹೋಗಿ ಅಲ್ಲಿಯದನ್ನೂ ಕರೆಯುತ್ತಾರೆ.

ಮಧ್ಯಾಹ್ನ ಊಟಕ್ಕೆ ಎಬ್ಬಿಸಿದರು. ಅನ್ನ, ಸೊಪ್ಪು, ಹಸಿಮೆಣಸಿನ ಖಾರ. ಎಂದೆ ನನ್ನ ತಟ್ಟೆ ತೋರಿಸಿ ಹಾಂಗ್ ಅಂದರು. ಮೂಲೆಯ ಮೂಟೆ ತೋರಿಸಿ ದೆಆ ಅಂದರು. ಕಿಟಕಿಯಾಚೆ ಗದ್ದೆಗೆ ಕೈ ಮಾಡಿ ವೊಜಾ ಅಂದರು. ನಾನು ಒಂದೊಂದಕ್ಕೂ ಅನ್ನ, ಅಕ್ಕಿ, ಭತ್ತ ಅಂತ ಹೇಳುತ್ತಾ ಹೋದೆ. ಇಂಗ್ಲಿಷಿನಲ್ಲಿ ಮೂರಕ್ಕೂ ರೈಸ್ ಅಂತಲೇ ಹೇಳುತ್ತಿದ್ದ ಮಗ ಪಕ್ಕದಲ್ಲಿ ಸುಮ್ನೆ ನಗುತ್ತಾ ಕೂತಿದ್ದ. ಆ ಹತ್ತು ನಿಮಿಷ ನಮಗೆ ಅವನು ಬೇಕಾಗಲಿಲ್ಲ.

ರಾತ್ರಿ ಅಪ್ಪನಿಗೆ ಗುಡ್ಡದ ಮೇಲಿನ ಫೋಟೋ ಕಳಿಸಿದೆ. ಚೆನ್ನಾಗಿದೆ ಅಂತಾರೇನೋ ಅಂದುಕೊಂಡಿದ್ದೆ. ಅಪ್ಪ ವಾಯ್ಸ್ ಮೆಸೇಜ್ ಕಳಿಸಿದರು: "ಮಗಾ, ಆ ಚೂಪು ಮೂಲೇಲಿ ಟಿಲ್ಲರ್ ತಿರುಗಲ್ವಲ್ಲ, ಅಲ್ಲಿ ಉಳುಮೆ ಹೆಂಗೆ ಮಾಡ್ತಾರೆ?"

ನನಗೆ ಹೊಳೆದೇ ಇರಲಿಲ್ಲ. ಬೆಳಿಗ್ಗೆ ಎಮಾ ಜೊತೆ ಬದುವಿನ ಮೇಲೆ ನಡೆದು ಅವರ ಪಾಲಿನ ನಡುಬಿಂದುವಿನ ಕಡೆಯ ಚೂಪು ತುದಿಗೆ ಹೋದೆ. ಇದು ಆ ಜಾಗ. ಎರಡೂ ಬದುಗಳು ಹತ್ತಿರವಾಗುತ್ತಾ ಬಂದು ಇಲ್ಲಿ ನನ್ನ ಎರಡು ಪಾದ ಜೋಡಿಸಿದಷ್ಟೇ ಅಗಲ. ಅಷ್ಟರಲ್ಲೂ ಎರಡು ಬುಡ ಪೈರು ನಿಂತಿದೆ. ಪಕ್ಕದವರ ತುದಿಯಲ್ಲೂ ಎರಡು ಬುಡ. ಯಂತ್ರ ದೂರದಲ್ಲೇ ತಿರುಗಿಕೊಳ್ಳುತ್ತದೆ, ಈ ಮೂಲೆ ಗುದ್ದಲಿಯದ್ದು ಅಂತ ಎಮಾ ಕೈಯಲ್ಲೇ ಅಗೆದು ತೋರಿಸಿದರು. ಅದನ್ನೇ ವಿಡಿಯೋ ಮಾಡಿ ಅಲ್ಲಿಂದಲೇ ಕಳಿಸಿದೆ.

ಓತೊ ಕೋಲ್ ಹತ್ತುವಾಗ ಫೋನ್ ಮತ್ತೆ ಅಲುಗಾಡಿತು. "ಎಷ್ಟು ದಿನದ ಪೈರು ಕಿತ್ತು ನಾಟಿ ಹಾಕ್ತಾರೆ, ಕೇಳ್ಕೊಂಡು ಬಾ." ಡ್ರೈವರಿಗೆ ಎರಡು ನಿಮಿಷ ಅಂತ ಕೈಸನ್ನೆ ಮಾಡಿ, ಬ್ಯಾಗು ಬೆಂಚಿನ ಮೇಲೇ ಬಿಟ್ಟು, ನಾನು ಮತ್ತೆ ಆ ಜಗಲಿಯ ಕಡೆ ಓಡಿದೆ.