ಬಿಸಿಲೇರಿದಾಗ ಜೋಲುವ ತಂತಿ

ಕೇಳುಗರಿಗೆ ನಮಸ್ಕಾರ.

ಹವಾಮಾನ ಬದಲಾವಣೆಯ ಮಾತು ಬಂದಾಗ ನಮ್ಮ ಗಮನ ಕಲ್ಲಿದ್ದಲು ಸುಡುವ ಸ್ಥಾವರಗಳ ಕಡೆಗೂ ಸೌರಫಲಕಗಳ ಕಡೆಗೂ ಹೋಗುತ್ತದೆಯೇ ಹೊರತು, ಅವುಗಳಿಗೂ ನಮ್ಮ ಊರಿಗೂ ನಡುವೆ ಹಾದುಬರುವ ತಂತಿಯ ಕಡೆಗೆ ಹೋಗುವುದು ಅಪರೂಪ. ಕರ್ನಾಟಕದಲ್ಲಿ ಆ ತಂತಿಯ ಹೊಣೆ ಹೊತ್ತಿರುವುದು 1999ರಲ್ಲಿ ರೂಪುಗೊಂಡ ವಿದ್ಯುತ್ ಪ್ರಸರಣ ನಿಗಮ, ಅಂದರೆ ಕೆಪಿಟಿಸಿಎಲ್. ಮಳೆಯ ಮರ್ಜಿ ಈ ಕ್ಷೇತ್ರಕ್ಕೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದವರಿಗೂ ಬೇಸಿಗೆಯಲ್ಲಿ ಕಾವೇರಿ ಸೊರಗುವ ಚಿಂತೆ ಇತ್ತು; ಕನ್ನಂಬಾಡಿ ಕಟ್ಟೆ ಎದ್ದದ್ದಕ್ಕೆ ಅದೂ ಒಂದು ಕಾರಣ. ಆಗ ಚಿಂತೆ ನೀರಿನದಾಗಿತ್ತು, ಈಗ ತಂತಿಯದೂ ಆಗಿದೆ.

ಲೋಹ ಕಾದರೆ ಹಿಗ್ಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ರಾಯಚೂರು, ಕಲಬುರಗಿಯ ಬಯಲಿನಲ್ಲಿ ಬಿಸಿಲು 40 ಡಿಗ್ರಿ ದಾಟಿ, ಗಾಳಿಯೂ ನಿಂತುಹೋದಾಗ, ಹರಿಯುವ ವಿದ್ಯುತ್ತಿನಿಂದ ಮೊದಲೇ ಬಿಸಿಯಾಗಿರುವ ತಂತಿ ಎರಡು ಗೋಪುರಗಳ ನಡುವೆ ಇನ್ನಷ್ಟು ಜೋಲುತ್ತದೆ. 220 ಕಿಲೋವೋಲ್ಟ್ ಮಾರ್ಗದ ತಂತಿ ನೆಲದಿಂದ ಕನಿಷ್ಠ ಸುಮಾರು 7 ಮೀಟರ್ ಎತ್ತರದಲ್ಲಿರಲೇಬೇಕು. ಅದಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕಾದರೆ ಲೋಡು, ಅಂದರೆ ತಂತಿಯಲ್ಲಿ ಹರಿಸುವ ವಿದ್ಯುತ್ತನ್ನು, ಇಳಿಸಬೇಕಾಗುತ್ತದೆ. ಆದರೆ ಫ್ಯಾನು, ಏಸಿ, ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ವಿದ್ಯುತ್ ಬೇಡುವುದೂ ಅದೇ ಹೊತ್ತಿನಲ್ಲಿ. ಹೀಗಾಗಿ ಹಳೆಯ ಗೋಪುರಗಳ ಮೇಲೆಯೇ, ಕಾದರೂ ಹೆಚ್ಚು ಜೋಲದ ಹೊಸ ಬಗೆಯ ತಂತಿಯನ್ನು ಏರಿಸುವ ದಾರಿಯೊಂದಿದೆ. ರೈತರ ಹೊಲದಲ್ಲಿ ಹೊಸ ಗೋಪುರ ನೆಡದೆಯೇ ಹೆಚ್ಚುಕಡಿಮೆ ಎರಡರಷ್ಟು ವಿದ್ಯುತ್ ಅದರಲ್ಲಿ ಸಾಗುತ್ತದೆ. ಆದರೆ ಅಷ್ಟೇ ಪ್ರತಿರೋಧದ ತಂತಿಯಲ್ಲಿ ಪ್ರವಾಹ ಎರಡರಷ್ಟಾದರೆ ಶಾಖವಾಗಿ ಸೋರುವ ನಷ್ಟ ನಾಲ್ಕರಷ್ಟಾಗುತ್ತದೆ. ಆದ್ದರಿಂದ ಇದು ಬೇಡಿಕೆಯ ತುತ್ತತುದಿಗೆ ಮದ್ದೇ ಹೊರತು ಹೊಸ ಮಾರ್ಗಕ್ಕೆ ಬದಲಿಯಲ್ಲ.

ಇನ್ನು ಬಿಸಿಲನ್ನೇ ವಿದ್ಯುತ್ತಾಗಿಸುವ ಪಾವಗಡವನ್ನು ನೋಡೋಣ. ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸಾಮರ್ಥ್ಯದ ಆ ಸೌರ ಉದ್ಯಾನ ಮಧ್ಯಾಹ್ನ ಮಾರ್ಗಗಳನ್ನು ತುಂಬಿಸಿ, ಊರಿನ ದೀಪಗಳು ಹೊತ್ತುವ ವೇಳೆಗೆ ಕೈಕಟ್ಟಿ ಕೂರುತ್ತದೆ. ರಾಜ್ಯದ ವಿದ್ಯುತ್ ಬೇಡಿಕೆ, ಪೂರೈಕೆಗಳನ್ನು ಸರಿದೂಗಿಸುವ ಬೆಂಗಳೂರಿನ ಲೋಡ್ ಡಿಸ್‌ಪ್ಯಾಚ್ ಕೇಂದ್ರದ ಎಂಜಿನಿಯರುಗಳಿಗೆ ಮೋಡದ ಮುನ್ಸೂಚನೆಯೂ ದಿನದ ಕೆಲಸವಾಗಿದೆ. ಪಂಪ್‌ಸೆಟ್ಟುಗಳಿಗೆ ಹಗಲಿನಲ್ಲೇ ವಿದ್ಯುತ್ ಕೊಡುವುದು ಒಂದು ಉಪಾಯ. ಹಗಲಿನ ವಿದ್ಯುತ್ತಿನಿಂದ ನೀರನ್ನು ಮೇಲಕ್ಕೆತ್ತಿ ಸಂಜೆ ಇಳಿಸುವ, 2,000 ಮೆಗಾವಾಟಿನ ಶರಾವತಿ ಯೋಜನೆ ಇನ್ನೊಂದು. ಅದು ಸಿಂಗಳೀಕಗಳ ಕಾಡಿನಲ್ಲಿ ಬರುವುದರಿಂದ, ಕಾಡಿನ ಬೆಲೆಯನ್ನೂ ಖರ್ಚಿನ ಬಾಬಿಗೆ ಬರೆಯದ ಲೆಕ್ಕವನ್ನು ನಾನಂತೂ ಒಪ್ಪಲಾರೆ.

ಬಿರುಗಾಳಿಯದು ಬೇರೆಯೇ ಕಥೆ. 2019ರ ಮೇ 3ರಂದು ಪುರಿಯ ಬಳಿ ಅಪ್ಪಳಿಸಿದ ಫೋನಿ ಚಂಡಮಾರುತಕ್ಕೆ ಒಡಿಶಾದ ಪ್ರಸರಣ ಗೋಪುರಗಳೂ ಉರುಳಿದವು. ಬೇಗ ಜೋಡಿಸಬಹುದಾದ ಹಗುರ ತಾತ್ಕಾಲಿಕ ಗೋಪುರಗಳನ್ನು ದಾಸ್ತಾನಿಟ್ಟುಕೊಳ್ಳುವುದು ನಮ್ಮ ಕರಾವಳಿಗೂ ಅಗತ್ಯ.

ಕೊನೆಯದಾಗಿ, ಭೂಮಿ ಬಿಸಿಯಾಗುವುದರಲ್ಲಿ ಕೆಪಿಟಿಸಿಎಲ್‌ನ ಸ್ವಂತ ಪಾಲು. ಇಕ್ಕಟ್ಟಿನ ನಗರ ಉಪಕೇಂದ್ರಗಳಲ್ಲಿ, ದೋಷ ಕಂಡಾಗ ವಿದ್ಯುತ್ ಹರಿವನ್ನು ಕಡಿಯುವ ಬ್ರೇಕರುಗಳೊಳಗೆ ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಅನಿಲ ತುಂಬಿರುತ್ತದೆ. ಅದರ ಒಂದು ಕಿಲೋ ಸೋರಿದರೆ, ನೂರು ವರ್ಷಗಳ ಅವಧಿಯಲ್ಲಿ ಸುಮಾರು 23,000 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಶಾಖ ಹಿಡಿಯುತ್ತದೆ. ದುರಸ್ತಿಗೆ ಬಿಚ್ಚುವಾಗ ಅದನ್ನು ಗಾಳಿಗೆ ಬಿಡದೆ ಯಂತ್ರದಿಂದ ಹೀರಿ ಸಿಲಿಂಡರಿಗೆ ತುಂಬಿ, ಎಷ್ಟು ಕಡಿಮೆಯಾಯಿತೆಂದು ತೂಕ ಹಾಕಿ ಬರೆದಿಡಬೇಕು. ಪ್ರತಿ ಉಪಕೇಂದ್ರದ ಈ ತೂಕದ ಲೆಕ್ಕ ವಾರ್ಷಿಕ ವರದಿಯಲ್ಲಿ ಸಾರ್ವಜನಿಕರಿಗೂ ಸಿಗುವಂತಿರಬೇಕು.