ಚಿಕ್ಲಿಹೊಳೆಗೋ ಹಾರಂಗಿಗೋ? ಗಾಳ ಹಾಕುವ ಹಿಂದಿನ ದಿನ

ಕ್ಯಾಮೆರಾ ಮುಂದೆ ಟೇಬಲ್ ಮೇಲೆ ಹರಡಿರುವುದೆಲ್ಲ ನಾಳೆ ಮೀನು ಹಿಡಿಯೋಕೆ ಬೇಕಾದ ಸಾಮಾನು. ರಾಡ್, ರೀಲ್, ದಾರ, ಬೆಂಡು, ಸೀಸದ ಗುಂಡು. ಒಂದೊಂದನ್ನೂ ಎತ್ತಿ ತೋರಿಸುವುದಿಲ್ಲ, ಕಾಣುತ್ತಿದೆಯಲ್ಲ. ಆ ಕೆಂಪು ಡಬ್ಬಿ ಮಾತ್ರ ಮೀನಿಗಲ್ಲ. ಅದರಲ್ಲಿ ನಿಪ್ಪಟ್ಟು ಇದೆ.

ಎಲ್ಲಿಗೆ ಅಂದರೆ, ನಮ್ಮ ಕೊಡಗಿನ ಚಿಕ್ಲಿಹೊಳೆ ಜಲಾಶಯ. ತೀರ್ಮಾನ ಆಗಿದೆ. ಹಾರಂಗಿ ಬೇಡ. ಹಾರಂಗಿ ದೊಡ್ಡ ಜಲಾಶಯ, ತುಂಬಿದರೆ 8.5 ಟಿಎಂಸಿ. ಆದರೆ ಈಗ ಫೆಬ್ರವರಿ ಕೊನೆ. ನೀರು ಇಳಿದಿರುತ್ತದೆ, ನೀರಿಗೂ ನಮಗೂ ನಡುವೆ ಬರೀ ಕೆಸರು. 2018ರ ಆಗಸ್ಟ್ ಮಳೆಗೆ ಗುಡ್ಡ ಜರಿಯಿತಲ್ಲ, ಅದರಲ್ಲಿ ಎಷ್ಟೋ ಮಣ್ಣು ಕೊನೆಗೆ ಬಂದು ಕೂತಿದ್ದು ಅಲ್ಲೇ. ಚಿಕ್ಲಿಹೊಳೆ ಚಿಕ್ಕದು, ದಡದಲ್ಲೇ ಕೂರಬಹುದು. ಅರ್ಧ ಚಂದ್ರನ ಹಾಗೆ ಬಾಗಿದ ಕಟ್ಟೆ ಇದೆಯಲ್ಲ, ಮಳೆಗಾಲದಲ್ಲಿ ಸುತ್ತಲಿಂದ ನೀರು ಒಳಗೆ ಸುರಿಯುತ್ತದೆ, ಜನ ಫೋಟೋ ತೆಗೆಯೋಕೆ ಮುಗಿಬೀಳುತ್ತಾರೆ, ಅದೇ. ಈಗ ಯಾರೂ ಇರುವುದಿಲ್ಲ. ನನಗೆ ಅದೇ ಬೇಕು.

ಕೇಳದೆ ಹೋಗಿ ಕೂರಬೇಡಿ ಮತ್ತೆ. ಜಲಾಶಯದಲ್ಲಿ ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆಗೋ ಲೈಸೆನ್ಸಿಗೋ ಕೊಟ್ಟಿರುತ್ತದೆ. ಅಣೆಕಟ್ಟೆಯ ಹತ್ತಿರವಂತೂ ಹೋಗಲೇಬಾರದು. ಮಾವ ಚಿಕ್ಲಿಹೊಳೆ, ಹಾರಂಗಿ ಎರಡೂ ಕಡೆ ಫೋನ್ ಮಾಡಿ ಒಪ್ಪಿಗೆ ತೆಗೆದುಕೊಂಡಿದ್ದಾರೆ. ಅಷ್ಟೆ, ಮುಂದೆ ಹೋಗೋಣ.

ಈಗ ತೆಂಗಿನ ಚಿಪ್ಪು ಕಾಣುತ್ತಿದೆಯಾ? ಅದರೊಳಗೆ ಒದ್ದೆ ಮಣ್ಣು, ಮಣ್ಣಿನೊಳಗೆ ಎರೆಹುಳು. ಇದಕ್ಕೆ ನಾನು ಕೊಟ್ಟಿದ್ದು ನೂರು ರೂಪಾಯಿ. ಹೌದು, ನೂರು. ಕೊಡಗಿನಲ್ಲಿ ಕೂತು ಎರೆಹುಳು ದುಡ್ಡು ಕೊಟ್ಟು ತರುವುದು! ಜೂನ್ ತಿಂಗಳಲ್ಲಿ ಬನ್ನಿ, ಅಂಗಳದಲ್ಲಿ ಕಾಲಿಡೋಕೆ ಜಾಗ ಇರುವುದಿಲ್ಲ. ಆದರೆ ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಂದಿಲ್ಲ. ತೋಟದ ಮಣ್ಣು ಗುದ್ದಲಿ ಹಾಕಿದರೆ ಟಣ್ ಅನ್ನುತ್ತದೆ, ಹುಳುಗಳೆಲ್ಲ ಆಳಕ್ಕೆ ಇಳಿದಿವೆ. ಕಾಫಿ ಗಿಡದ ಬುಡ ಕೆದಕಿದೆ, ಇರುವೆ ಸಿಕ್ಕಿತು. ಗೊಬ್ಬರದ ಗುಂಡಿ ಕೆದಕಿದೆ, ಅಮ್ಮ ಬೈದರು. ಕೊನೆಗೆ ಪಕ್ಕದ ಊರಿನ ಹುಡುಗನೊಬ್ಬ ಮಾರುತ್ತಾನೆ ಅಂತ ಗೊತ್ತಾಗಿ ಹೋದೆ. ಅವನು ನನ್ನ ರಾಡ್ ನೋಡಿದ, ಆಮೇಲೆ ರೇಟು ಹೇಳಿದ. ಐವತ್ತಕ್ಕೆ ಕೊಡೋ ಅಂದೆ. "ಅಣ್ಣ, ನೀವೇ ಅಗೆದುಕೊಳ್ಳಿ" ಅಂದ. ಆ ಉತ್ತರಕ್ಕೆ ಏನು ಹೇಳೋದು? ಕೊಟ್ಟೆ.

ಮನೆಗೆ ತಂದು ನೋಡಿದರೆ ಇವು ಗೊಬ್ಬರದ ತೊಟ್ಟಿಯ ಕೆಂಪು ಹುಳು. ದಾರದಷ್ಟು ತೆಳ್ಳಗೆ. ಗಾಳಕ್ಕೆ ಪೋಣಿಸಿದರೆ ಅರ್ಧಕ್ಕೇ ತುಂಡಾಗುತ್ತವೆ. ನೆಲದ ಹುಳು ಬೇರೆ, ಬೆರಳಷ್ಟು ದಪ್ಪ ಇರುತ್ತದೆ, ಗಾಳದ ಮೇಲೆ ಹೊರಳಾಡುತ್ತದೆ, ಮೀನಿಗೆ ಅದೇ ಕಾಣಬೇಕು. ಇದನ್ನು ಹೇಳುತ್ತಿದ್ದ ಹಾಗೆ ಅಜ್ಜಿ ಸುಮ್ನೆ ಬಂದು, ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ಬಚ್ಚಲ ನೀರು ಬಾಳೆ ಬುಡಕ್ಕೆ ಹೋಗುತ್ತದಲ್ಲ, ಅಲ್ಲಿ ಒಂದು ಕಲ್ಲು ಎತ್ತಿದರು. ಈಗ ನೀವು ನೋಡುತ್ತಿರುವುದು ಅದನ್ನೇ. ದಪ್ಪ ದಪ್ಪ, ಬಿಟ್ಟಿ. ಆ ನೂರು ರೂಪಾಯಿ ಬಗ್ಗೆ ಅಜ್ಜಿ ಏನೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ಸರಿ, ಗಾಳಕ್ಕೆ ಸಿಕ್ಕಿಸುವ ಇನ್ನೊಂದು ತಿಂಡಿ, ರಾಗಿ ಉಂಡೆ. ನಮ್ಮ ಮನೆಯಲ್ಲಿ ಅಕ್ಕಿರೊಟ್ಟಿಯೇ ಜಾಸ್ತಿ, ರಾಗಿ ಹಿಟ್ಟು ಅಂಗಡಿಯಿಂದ ಬಂತು. ಗಟ್ಟಿಯಾಗಿ ಬೇಯಿಸಿ, ಬಿಸಿ ಇರುವಾಗಲೇ ನಾದಬೇಕು. ನೆಲಕ್ಕೆ ಎಸೆದರೆ ಒಡೆಯಬಾರದು. ನೋಡಿ, ಒಡೆಯಿತು. ಪರವಾಗಿಲ್ಲ, ಇನ್ನೊಮ್ಮೆ.

ಕಾವೇರಿ ದಡದಲ್ಲಿ ಮಹಶೀರ್ ಅನ್ನುವ ದೊಡ್ಡ ಮೀನಿಗೆ ಹಿಂದಿನಿಂದಲೂ ರಾಗಿ ಉಂಡೆಯೇ. ಮಹಶೀರ್ ಹಿಡಿಯಲ್ವಾ ಅಂತ ಕೇಳುತ್ತಲೇ ಇರುತ್ತೀರಿ. ಇಲ್ಲ. ಕಾವೇರಿಯದೇ ಆದ ಕಿತ್ತಳೆ ರೆಕ್ಕೆಯ ಮಹಶೀರ್ 2018ರಿಂದ ತೀರಾ ಅಳಿವಿನಂಚಿನ ಪಟ್ಟಿಯಲ್ಲಿದೆ. ಈಗ ಹೊಳೆಯಲ್ಲಿ ಜಾಸ್ತಿ ಸಿಗುವುದು ನೀಲಿ ರೆಕ್ಕೆಯದು, ಲೋನಾವಲದಲ್ಲಿ ಮರಿ ಮಾಡಿಸಿ ಇಲ್ಲಿ ತಂದು ಬಿಟ್ಟಿದ್ದು. ಕಾವೇರಿ ದಡದ ವಾಲ್ನೂರಿನಲ್ಲಿ ಅದನ್ನು ಹಿಡಿದು, ತೂಕ ನೋಡಿ, ವಾಪಸ್ ಬಿಡುತ್ತಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆಯವರೊಬ್ಬರು ಕಬಿನಿಯಲ್ಲಿ 120 ಪೌಂಡಿನದು ಹಿಡಿದಿದ್ದರು. ಐವತ್ತನಾಲ್ಕು ಕಿಲೋ! ನನ್ನ ಈ ರಾಡ್‌ಗೆ ಅಂಥದ್ದು ಬಿದ್ದರೆ ರಾಡ್ ಜೊತೆ ನಾನೂ ಕಬಿನಿಗೆ. ಮೀನು ನೋಡುವ ಆಸೆ ಇದ್ದರೆ ಹಾಸನ ಜಿಲ್ಲೆಯ ರಾಮನಾಥಪುರಕ್ಕೆ ಹೋಗಿ, ದೇವಸ್ಥಾನದ ಮುಂದೆ ಕಾವೇರಿಯಲ್ಲಿ ಕೈಗೆ ಬರುವಷ್ಟು ಹತ್ತಿರ ಇರುತ್ತವೆ. ಪುರಿ ಹಾಕಿ, ಸಾಕು.

ಅಯ್ಯೋ, ಶಾಟ್ ಮುಗಿಯುತ್ತಿದೆ. ಗಾಳದ ಮುಳ್ಳು. ತುದಿಯ ಹಿಂದೆ ಚಿಕ್ಕ ಕೊಕ್ಕೆ ಇದೆಯಲ್ಲ, ಅದನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡುತ್ತಿದ್ದೇನೆ. ಬೇಡದ ಮೀನು ಬಿದ್ದರೆ ಬಾಯಿ ಹರಿಯದೆ ಬಿಡಿಸಬಹುದು. ಬಿಡುವ ಮೀನನ್ನು ಒಣ ಕೈಯಲ್ಲಿ ಮುಟ್ಟಬೇಡಿ, ಮೈ ಮೇಲಿನ ಲೋಳೆ ಹೋದರೆ ಅದಕ್ಕೆ ರೋಗ ಬೇಗ ಹಿಡಿಯುತ್ತದೆ.

ನಮಗೆ ಬೇಕಾಗಿರುವುದು ಕಟ್ಲಾ ಮತ್ತು ಗೆಂಡೆ. ಕಟ್ಲಾದ ಬಾಯಿ ಮೇಲ್ಮುಖ, ಮೇಲಿನ ನೀರಲ್ಲೇ ತಿನ್ನುತ್ತದೆ, ಅದಕ್ಕೆ ಬೆಂಡು. ಗೆಂಡೆ ತಳ ಕೆದಕುತ್ತದೆ, ಅದಕ್ಕೆ ಸೀಸ. ಅಮ್ಮ ಈಗಲೇ ಮೀನು ಸಾರಿಗೆ ಹಾಕುವ ಹುಳಿ, ಕಾಚಂಪುಳಿ ಬಾಟಲಿ ತೆಗೆದು ಇಟ್ಟಿದ್ದಾರೆ. ಅದನ್ನು ನೋಡಿದರೆ ಭಯ ಆಗುತ್ತದೆ.

ಭಯದ ಮೇಲೆ ಇನ್ನೊಂದು ಯೋಚನೆ. ಚಿಕ್ಲಿಹೊಳೆಯಲ್ಲಿ ಏನೂ ಬೀಳದಿದ್ದರೆ? ಹಾರಂಗಿ ಹಿನ್ನೀರಿನ ಗೆಂಡೆ ದಪ್ಪ ಇರುತ್ತದೆ ಅಂತಾರೆ. ಕೆಸರಾದರೆ ಏನು, ಗಮ್‌ಬೂಟ್ ಇದೆ. ಹತ್ತು ಗಂಟೆಯೊಳಗೆ ಬೆಂಡು ಮುಳುಗದಿದ್ದರೆ ಸೀದಾ ಹಾರಂಗಿ. ಎಲ್ಲಿ ಹೋದರೂ ಕತ್ತಲಾಗುವ ಮೊದಲು ಆನೆಕಾಡು ದಾಟಿ ಮನೆ ಸೇರಬೇಕು, ಅದರ ಹೆಸರು ಸುಮ್ನೆ ಇಟ್ಟಿದ್ದಲ್ಲ. ಮಾವ ಮೊದಲು ಒಪ್ಪಲಿಲ್ಲ. ಪೆಟ್ರೋಲ್ ನನ್ನದು ಅಂದೆ, ಒಪ್ಪಿದರು. ಬೆಳಿಗ್ಗೆ ಐದಕ್ಕೆ ಗಾಡಿ. ಬ್ಯಾಟರಿ ಕೆಂಪಾಯಿತು, ಚಾರ್ಜಿಗೆ ಹಾಕುತ್ತೇನೆ.