ಬಸ್ಸಿಲ್ಲದ ಭಾನುವಾರ

ಕೇಳುಗರಿಗೆ ನಮಸ್ಕಾರ.

ಒಂದು ರಾತ್ರಿ ತಂಗಲೆಂದು ಹೋದ ಊರಿನಲ್ಲಿ ಎರಡು ರಾತ್ರಿ ಕಳೆದೆ. ತಪ್ಪು ನನ್ನದೇ. ಕೆಲವು ವರ್ಷಗಳ ಹಿಂದೆ ಕೆಲಸದ ಮೇಲೆ ಸ್ಪೇನಿನ ವಲೆನ್ಸಿಯಾ ನಗರದಲ್ಲಿದ್ದೆ. ಅಕ್ಟೋಬರಿನ ಒಂದು ಶನಿವಾರ ಬೆಳಗ್ಗೆ ರೈಲು ಹತ್ತಿ ತೆರುವೆಲ್ ಪಟ್ಟಣಕ್ಕೆ ಬಂದೆ. ಅಲ್ಲಿಂದ ದಿನಕ್ಕೆ ಒಂದೇ ಸಲ ಹೊರಡುವ ಬಸ್ಸು ಹಿಡಿದು ಅಲ್ಬರಸೀನ್ ಎಂಬ ಊರಿನಲ್ಲಿ ಇಳಿದೆ. ಕೋಣೆ ಕೊಟ್ಟ ಅಜ್ಜಿ, ನಾಳೆ ವಾಪಸ್ಸು ಹೇಗೆ ಎಂದು ಕೇಳಿದರು. ಬಸ್ಸಿನಲ್ಲಿ ಎಂದೆ. "ಭಾನುವಾರ ಬಸ್ಸೆಲ್ಲಿದೆ, ಇಹಾ?" ಎಂದು ನಕ್ಕರು. ಇದು ನಮ್ಮ ಇಹಪರದ ಇಹವಲ್ಲ. ಸ್ಪ್ಯಾನಿಷ್ ಭಾಷೆಯಲ್ಲಿ ಇಹಾ ಎಂದರೆ ಮಗಳು. ಪರಿಚಯವಾಗಿ ಇನ್ನೂ ಐದು ನಿಮಿಷ ಆಗಿರಲಿಲ್ಲ.

ಸ್ಪೇನಿನ ಪೂರ್ವಕ್ಕಿರುವ ಅರಗೋನ್ ಪ್ರಾಂತದ ಗುಡ್ಡಗಾಡಿನಲ್ಲಿ, ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿ ಈ ಊರಿದೆ. ಗ್ವಾದಲವಿಯಾರ್ ನದಿ ಒಂದು ಬಂಡೆಯನ್ನು ಬಳಸಿಕೊಂಡು ಹರಿಯುತ್ತದೆ. ಆ ಬಂಡೆಯ ಮೇಲೆ ಸುಮಾರು ಸಾವಿರ ಜನರ ವಾಸ. ಇದೇ ನದಿ ಕೆಳಗಿಳಿದು ತುರಿಯಾ ಎಂಬ ಹೆಸರಿನಲ್ಲಿ ವಲೆನ್ಸಿಯಾ ಸೇರುತ್ತದೆ. ಅಂದರೆ ನಾನು ದಿನವೂ ಕಾಣುತ್ತಿದ್ದ ನದಿಯ ತವರಿಗೇ ಬಂದಿದ್ದೆ. ಅದು ಗೊತ್ತಾದದ್ದು ಸೇತುವೆಯ ಮೇಲೆ ನಿಂತು ನಕ್ಷೆ ಬಿಚ್ಚಿದಾಗ.

ಊರಿನ ಹೆಸರಿನಲ್ಲೇ ಅದರ ಚರಿತ್ರೆ ಅಡಗಿದೆ. ಹನ್ನೊಂದನೆಯ ಶತಮಾನದಲ್ಲಿ ಇಲ್ಲಿ ಆಳುತ್ತಿದ್ದವರು ಬನು ರಜೀನ್ ಎಂಬ, ಉತ್ತರ ಆಫ್ರಿಕಾ ಮೂಲದ ಬರ್ಬರ್ ಜನಾಂಗದ ಮನೆತನದವರು. ದಕ್ಷಿಣ ಸ್ಪೇನಿನ ಕೊರ್ದೋಬಾದಿಂದ ಆಳುತ್ತಿದ್ದ ಮುಸ್ಲಿಂ ಖಲೀಫರ ಆಳ್ವಿಕೆ ಒಡೆದು ಚೂರಾದಾಗ ಹುಟ್ಟಿಕೊಂಡ ಪುಟ್ಟ ಪುಟ್ಟ ಮುಸ್ಲಿಂ ರಾಜ್ಯಗಳಲ್ಲಿ ಇದೂ ಒಂದು. ಮುಂದೆ, ಹನ್ನೆರಡನೆಯ ಶತಮಾನದ ಕೊನೆಯ ದಶಕಗಳಲ್ಲಿ, ನವಾರಾ ರಾಜ್ಯದಿಂದ ಬಂದ ಅಸಾಗ್ರಾ ಮನೆತನದ ಪೇದ್ರೋ ರೂಯಿಸ್ ಎಂಬ ಕ್ರೈಸ್ತ ಸರದಾರನಿಗೆ ಊರು ದಕ್ಕಿತು. ಈ ಮನುಷ್ಯ ಬಹಳ ಚತುರ. ಒಂದು ಕಡೆ ಕಸ್ತೀಲ್ಯದ ರಾಜ, ಇನ್ನೊಂದು ಕಡೆ ಅರಗೋನಿನ ರಾಜ. ಯಾರಿಗೆ ತಲೆಬಾಗಿದರೂ ಇನ್ನೊಬ್ಬರಿಗೆ ಸಿಟ್ಟು. ಈತ ತಾನು ಸಂತ ಮೇರಿಯ ಸಾಮಂತ ಎಂದು ಸಾರಿಬಿಟ್ಟ. ದೇವಮಾತೆಗೆ ಕಪ್ಪ ಒಪ್ಪಿಸುವವನನ್ನು ಕೇಳುವವರು ಯಾರು? 1284ರಲ್ಲಿ ಅರಗೋನಿನ ಮೂರನೆಯ ಪೇದ್ರೋ ಮುತ್ತಿಗೆ ಹಾಕುವವರೆಗೂ ಈ ಉಪಾಯ ನಡೆಯಿತು.

ಇನ್ನು ಮನೆಗಳು. ಇವುಗಳ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ದೂರದಿಂದ ನೋಡಿದರೆ ಬಂಡೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ. ಅದಕ್ಕೆ ಕಾರಣ ಸುತ್ತಲಿನ ಮಣ್ಣಿನಲ್ಲಿ ಸಿಗುವ ಜಿಪ್ಸಮ್ ಎಂಬ ಮೆದು ಕಲ್ಲು. ಅದನ್ನು ಸುಟ್ಟು, ಪುಡಿ ಮಾಡಿ, ನೀರಿನಲ್ಲಿ ಕಲಸಿದರೆ ಗಿಲಾವು. ಅದರಲ್ಲಿ ಕಬ್ಬಿಣದ ಅಂಶವಿರುವುದರಿಂದ ಗಿಲಾವಿಗೆ ಒಂದು ಬಗೆಯ ಕೆಂಪು ಬರುತ್ತದೆ. ಹಳೆಯ ಹೆಂಚಿನ ಕೆಂಪಲ್ಲ. ಕಾವಿಗೆ ತುಸು ಹಾಲು ಬೆರೆಸಿದರೆ ಹೇಗೋ ಹಾಗೆ. ಬಂಡೆಯ ಮೇಲೆ ಜಾಗ ಕಡಿಮೆ. ಆದ್ದರಿಂದ ಕೆಳಗೆ ಒಂದಂತಸ್ತು ಕಲ್ಲಿನಲ್ಲಿ ಕಟ್ಟಿ, ಮೇಲಿನ ಅಂತಸ್ತುಗಳನ್ನು ಮರದ ಚೌಕಟ್ಟಿನಲ್ಲಿ ಎತ್ತಿ, ನಡುವೆ ಜಿಪ್ಸಮ್ ತುಂಬಿದ್ದಾರೆ. ಅದು ಹಗುರ. ಹಗುರವಾದ್ದರಿಂದ ತೊಲೆಗಳನ್ನು ಬೀದಿಯ ಮೇಲಕ್ಕೆ ಚಾಚಿ, ಪ್ರತಿ ಅಂತಸ್ತನ್ನೂ ಕೆಳಗಿನದಕ್ಕಿಂತ ಒಂದು ಮೊಳ ಮುಂದೆ ತರಬಹುದು. ಎದುರು ಮನೆಯವರೂ ಅದನ್ನೇ ಮಾಡಿದ್ದಾರೆ. ಹೀಗಾಗಿ ಕೆಲವು ಓಣಿಗಳಲ್ಲಿ ಮೇಲೆ ಸೂರಿಗೆ ಸೂರು ತಾಗುವಷ್ಟು ಹತ್ತಿರ. ತಲೆಯೆತ್ತಿದರೆ ಆಕಾಶ ಒಂದು ರಿಬ್ಬನ್ನಿನಷ್ಟು ಕಾಣುತ್ತದೆ.

ಹುಲಿಯನೇತಾ ಎಂಬ ಮನೆಯೊಂದಿದೆ. ಹೆಸರಿನಲ್ಲಿ ಹುಲಿ ಇದ್ದರೂ ಹುಲಿಗೂ ಅದಕ್ಕೂ ಸಂಬಂಧವಿಲ್ಲ. ಎರಡು ಇಳಿಜಾರು ಓಣಿಗಳ ಸಂದಿಯಲ್ಲಿ ಸಿಕ್ಕಿಕೊಂಡಿರುವ ಈ ಮನೆಯಲ್ಲಿ ಒಂದೇ ಒಂದು ಗೆರೆಯೂ ನೆಟ್ಟಗಿಲ್ಲ. ಮೇಸ್ತ್ರಿಯ ತೂಗುಗುಂಡು ಇದರ ಗೋಡೆಯ ಮುಂದೆ ನಾಚಿಕೊಳ್ಳಬೇಕು. ಆದರೂ ಮನೆ ನಿಂತಿದೆ. ಕೆಲವು ಬಾಗಿಲುಗಳಲ್ಲಿ ಕರೆಗಂಟೆಯ ಬದಲು ತಟ್ಟಲು ಕಬ್ಬಿಣದ ಹಲ್ಲಿಗಳಿವೆ. ಬಾಲ ಸುತ್ತಿಕೊಂಡ, ತೆಳ್ಳನೆಯ, ಒಂದು ಗೇಣುದ್ದದ ಹಲ್ಲಿಗಳು. ಒಂದನ್ನು ಮುಟ್ಟಿ ನೋಡಿದೆ. ಎಷ್ಟೋ ಕೈಗಳು ಸವರಿ ಅದರ ಬೆನ್ನು ನುಣುಪಾಗಿತ್ತು. ತಟ್ಟುವ ಧೈರ್ಯವಾಗಲಿಲ್ಲ. ಒಳಗಿನವರು ಬಂದರೆ ಏನೆಂದು ಹೇಳುವುದು?

ಊರಿನ ನೆತ್ತಿಯ ಮೇಲೆ ಕೋಟೆಗೋಡೆ ಗುಡ್ಡದ ಬೆನ್ನಿನಂಚಿನಲ್ಲೇ ಏರಿಹೋಗುತ್ತದೆ. ಹತ್ತಿದೆ, ಏದುಸಿರು ಬಿಟ್ಟೆ, ಎಲ್ಲರಂತೆ ಫೋಟೋ ತೆಗೆದೆ, ಇಳಿದೆ. ಅಷ್ಟೇ.

ಭಾನುವಾರ ಬೆಳಗ್ಗೆ ಕೆಂಪು ಮರಳುಗಲ್ಲಿನ ಪೈನ್ ಕಾಡಿಗೆ ನಡೆದು ಹೋದೆ. ದಾರಿಯುದ್ದಕ್ಕೂ ಯುವಕ ಯುವತಿಯರು ಬೆನ್ನ ಮೇಲೆ ಹಾಸಿಗೆ ಹೊತ್ತು ಸಾಗುತ್ತಿದ್ದರು. ಕಾಡಿನಲ್ಲಿ ಮಲಗಲು ಇಷ್ಟು ಜನ ಏಕೆ ಹೊರಟರು ಎಂದು ನನಗೆ ಆಶ್ಚರ್ಯ. ಆಮೇಲೆ ತಿಳಿಯಿತು, ಅವರು ಹಗ್ಗವಿಲ್ಲದೆ ಬಂಡೆ ಹತ್ತುವವರು. ಕೈ ಜಾರಿದರೆ ಬೀಳಲು ಆ ಹಾಸಿಗೆ. ಅದೇ ಕಾಡಿನ ಬಂಡೆಯೊಂದರ ಆಸರೆಯಲ್ಲಿ ಸಾವಿರಾರು ವರ್ಷಗಳ ಹಿಂದೆ ಯಾರೋ ಬಿಳಿ ಬಣ್ಣದಲ್ಲಿ ಕಾಡೆತ್ತುಗಳನ್ನು ಬರೆದಿದ್ದಾರೆ. ಇಂಥ ಚಿತ್ರಗಳು ಬೇರೆ ಕಡೆ ಹೆಚ್ಚಾಗಿ ಕೆಂಪು ಬಣ್ಣದವು. ಇಲ್ಲಿ ಬಂಡೆಯೇ ಕೆಂಪು, ಆದ್ದರಿಂದ ಬಿಳಿ. 1998ರಲ್ಲಿ ಯುನೆಸ್ಕೋ ಸ್ಪೇನಿನ ಮೆಡಿಟರೇನಿಯನ್ ಸಮುದ್ರದ ಕಡೆಯ ಭಾಗದ ಇಂಥ ಶಿಲಾಚಿತ್ರಗಳನ್ನೆಲ್ಲ ಒಟ್ಟಾಗಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕಬ್ಬಿಣದ ಜಾಲರಿಯ ಆಚೆ ಎತ್ತುಗಳು, ಈಚೆ ಹಾಸಿಗೆ ಹೊತ್ತ ನವಯುವಕರು.

ಊಟಕ್ಕೆ ಮೀಗಸ್. ಒಣಗಿದ ಬ್ರೆಡ್ಡನ್ನು ಪುಡಿ ಮಾಡಿ, ನೀರು ಚಿಮುಕಿಸಿಟ್ಟು, ಆಲಿವ್ ಎಣ್ಣೆಯಲ್ಲಿ ಬೆಳ್ಳುಳ್ಳಿಯೊಂದಿಗೆ ಹುರಿಯುತ್ತಾರೆ. ಹಂದಿಮಾಂಸದ ತುಂಡುಗಳು ಬೇಡವೆಂದಾಗ ಹೋಟೆಲಿನವರು ನನ್ನನ್ನು ಕನಿಕರದಿಂದ ನೋಡಿದರು. ತೆರುವೆಲ್ ಸೀಮೆ ಒಣಗಿಸಿದ ಹಂದಿಯ ತೊಡೆಗೇ ಹೆಸರುವಾಸಿ. ತಟ್ಟೆಯ ಮೇಲೆ ಹಸಿ ದ್ರಾಕ್ಷಿ ಉದುರಿಸಿ ಕೊಟ್ಟರು. ನಮ್ಮ ಮನೆಗಳಲ್ಲಿ ಉಳಿದ ಚಪಾತಿಯನ್ನು ಮುರಿದು ಒಗ್ಗರಣೆ ಹಾಕುತ್ತೇವಲ್ಲ, ಅದಕ್ಕೆ ದ್ರಾಕ್ಷಿ ಸೇರಿದರೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ. ಚೆನ್ನಾಗಿರುತ್ತದೆ.

ನಾಲ್ಕು ಗಂಟೆಯಾಗುತ್ತಿದ್ದಂತೆ ಊರು ಸೋರತೊಡಗಿತು. ಕೆಳಗೆ ನದಿಯ ಪಕ್ಕದ ನಿಲ್ದಾಣದಿಂದ ಕಾರುಗಳು ಒಂದರ ಹಿಂದೆ ಒಂದು ಹೊರಟವು. ಆರು ಗಂಟೆಗೆ ಚೌಕದಲ್ಲಿ ಉಳಿದವರು ನಾನು, ಒಂದು ಬೆಕ್ಕು, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ ಹುಡುಗ. ತೆರುವೆಲ್ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ ಒಂಬತ್ತು ಹತ್ತು ಜನರಷ್ಟೇ ಇದ್ದಾರೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 319. ತಮ್ಮ ಸೀಮೆಯನ್ನು ಸರ್ಕಾರ ಮರೆತೇಬಿಟ್ಟಿದೆ ಎಂದು ಸಿಟ್ಟಾದ ಅಲ್ಲಿನ ಜನ ಒಂದು ಚಳವಳಿ ಕಟ್ಟಿದರು. ಅದಕ್ಕಿಟ್ಟ ಹೆಸರು "ತೆರುವೆಲ್ ಇದೆ". ಬೇರೆ ಬೇಡಿಕೆಗಳ ಮಾತು ಆಮೇಲೆ. ಮೊದಲು ನಾವು ಇದ್ದೇವೆ ಎಂದು ಒಪ್ಪಿಕೊಳ್ಳಿ ಎಂಬ ಧಾಟಿ. 2019ರ ನವೆಂಬರ್ ಚುನಾವಣೆಯಲ್ಲಿ ಅವರು ಸಂಸತ್ತಿನ ಕೆಳಮನೆಗೆ ಒಬ್ಬ ಸದಸ್ಯನನ್ನು ಕಳಿಸಿಯೂ ಕಳಿಸಿದರು.

ಆ ರಾತ್ರಿ ಅಜ್ಜಿಯ ಅಡುಗೆಮನೆಯಲ್ಲಿ, ನನ್ನ ಹರಕು ಸ್ಪ್ಯಾನಿಷ್‌ನಲ್ಲಿ, ಊರು ಹೀಗೆ ಖಾಲಿಯಾದರೆ ಬೇಸರವಾಗುವುದಿಲ್ಲವೇ ಎಂದು ಕೇಳಿದೆ. ಅವರ ತಂದೆ ಕುರಿ ಕಾಯುವವರು. ಈ ಬೆಟ್ಟಗಳಲ್ಲಿ ಚಳಿಗಾಲ ಕುರಿಗೂ ಅಲ್ಲ, ಮನುಷ್ಯರಿಗೂ ಅಲ್ಲ. ನವೆಂಬರ್ ಬಂತೆಂದರೆ ಕುರುಬರು ಮಂದೆ ಹೊಡೆದುಕೊಂಡು ದಕ್ಷಿಣದ ಅಂದಲೂಸಿಯಾ ಕಡೆಗೆ ನಡೆದೇ ಹೋಗುತ್ತಿದ್ದರು, ವಾರಗಟ್ಟಲೆಯ ನಡಿಗೆ. ಮರಳುತ್ತಿದ್ದುದು ಬೇಸಿಗೆಯ ಹೊತ್ತಿಗೆ. ಈಗಲೂ ಕೆಲವರು ಹೋಗುತ್ತಾರೆ. ಶತಮಾನಗಳ ಕಾಲ ಈ ಊರಿಗೆ ಹಣ ತಂದದ್ದು ಉಣ್ಣೆ. ಆ ವ್ಯಾಪಾರ ಬಿದ್ದುಹೋದ ಮೇಲೆ ಹಳೆಯದನ್ನು ಕೆಡವಿ ಹೊಸದು ಕಟ್ಟಲು ಯಾರ ಕೈಯಲ್ಲೂ ಕಾಸಿರಲಿಲ್ಲ. ನಾವು ಇಂದು ಬಾಯಿಬಿಟ್ಟು ನೋಡುವ ಚೆಲುವಿನಲ್ಲಿ ಆ ಬಡತನದ ಪಾಲೂ ಇದೆ ಎಂದು ನನಗನ್ನಿಸುತ್ತದೆ. ಅಜ್ಜಿ ನನ್ನ ಪ್ರಶ್ನೆಗೆ ಕೊಟ್ಟ ಉತ್ತರ ಇಷ್ಟೇ: "ಆಗ ಆರೇಳು ತಿಂಗಳು ಕಾಯುತ್ತಿದ್ದೆವು. ಈಗ ಶನಿವಾರದವರೆಗೆ."

ಸೋಮವಾರ ಬೆಳಗ್ಗೆ ಬಸ್ಸಿಗೆ ಇಳಿದು ಬರುವಾಗ ಒಂದು ಮನೆಯ ಮುಂದೆ ಸಾರವೆ ಕಟ್ಟಿತ್ತು. ಒಬ್ಬರು ಗೋಡೆಗೆ ಗಿಲಾವು ಹಾಕುತ್ತಿದ್ದರು. ಬಾಣಲೆಯಲ್ಲಿ ಅದೇ ಕೆಂಪು ಜಿಪ್ಸಮ್, ಕೈಯಲ್ಲಿ ಕರಣೆ, ಮೊಣಕೈವರೆಗೆ ಕೆಂಪು. ಈ ಊರಿನಲ್ಲಿ ಹಳೆಯ ಕಟ್ಟಡಗಳನ್ನು ಹಳೆಯ ವಿಧಾನದಲ್ಲೇ ದುರಸ್ತಿ ಮಾಡುತ್ತಾರೆಂದು ಕೇಳಿದ್ದೆ. ಹತ್ತಿರ ಹೋಗಿ, ಈ ಕಲ್ಲನ್ನು ಎಲ್ಲಿ ಸುಡುತ್ತೀರಿ ಎಂದು ಕೇಳಿದೆ. ಸ್ಪೇನಿನಲ್ಲಿ ಮಾತನಾಡಿಸಿದರೆ ಕೆಲಸ ಬಿಟ್ಟು ನಿಲ್ಲದವರನ್ನು ನಾನು ಕಂಡಿರಲಿಲ್ಲ. ಇವರು ತಿರುಗಲೂ ಇಲ್ಲ. ಎಡಗೈಯ ಒಂದು ಬೆರಳೆತ್ತಿ, ತಡೆಯಿರಿ ಎಂದರು. ಸುಣ್ಣವಾದರೆ ಕಾಯುತ್ತದೆ, ಜಿಪ್ಸಮ್ ಕಾಯುವುದಿಲ್ಲ. ಕಲಸಿದ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗಿಬಿಡುತ್ತದೆ. ಬಾಣಲೆ ಬರಿದಾಗುವವರೆಗೂ ಒಂದೇ ಉಸಿರಿಗೆ ಬಳಿದರು. ಆಮೇಲೆ ಕೈ ಒರೆಸಿಕೊಳ್ಳುತ್ತ ನನ್ನತ್ತ ತಿರುಗಿ ಬಾಯಿ ತೆರೆದರು. ಅಷ್ಟರಲ್ಲಿ ಕೆಳಗಿನಿಂದ ಬಸ್ಸಿನ ಹಾರ್ನ್ ಕೇಳಿಸಿತು. ಮುಂದಿನದು ಮರುದಿನ. ನಾನು ಓಡಿದೆ.